ಸಾಹಿತಿಯ ಸಿಂಹಾವಲೋಕನ

ಮಟಮಟ ಮಧ್ಯಾಹ್ನ, ಮೂರನೆಯ ಮಹಡಿಯ ಸಾಹಿತಿ ಕಂಪ್ಯೂಟರಿನ ಕೀಲಿಮಣೆಯ ಮೇಲೆ ಎಡಗೆನ್ನೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಬಾಗಿಲ ಗಂಟೆ ಬಾರಿಸಿದ್ದೇ ತಡ, ದಡಬಡಿಸಿ ಎದ್ದು, ಬರೆದದ್ದನ್ನು ಓದಿಯೂ ನೋಡದೆ ಸಂಪಾದಕರಿಗೆ ಕಳುಹಿಸಿ, ಎದುರುಮನೆಯವರ ಪಾರ್ಸೆಲ್ಲಿಗೆ ರುಜು ಹಾಕಲು ಓಡಿದ. ಪಾರ್ಸೆಲ್ಲಿನವನು ಇವನ ಮುಖ ನೋಡಿ ಕಿಸಕ್ಕನೆ ನಕ್ಕ. ಅವನ ಹಿಂದೆಯೇ, ಅರ್ಧ ದಿನ ರಜೆ ಹಾಕಿ ಬಂದ ಹೆಂಡತಿ ನಿಂತಿದ್ದಳು.

"ಏನ್ರೀ ಇದು, ಕೆನ್ನೆ ತುಂಬಾ ಚೌಕ ಚೌಕ?"

"ಆಳವಾಗಿ ಯೋಚನೆ ಮಾಡ್ತಿದ್ದೆ."

"ಯೋಚನೆ ತಲೆ ಒಳಗೆ ಇರುತ್ತೆ ಅಂದ್ಕೊಂಡಿದ್ದೆ," ಎಂದಷ್ಟೇ ಹೇಳಿ ಅವಳು ಚಪ್ಪಲಿ ಬಿಟ್ಟಳು.

ಸಾಹಿತಿ ಎನ್ನುವುದು ಬಿರುದಲ್ಲ, ಅಡ್ಡಹೆಸರು. ವಿಮಾ ಕಚೇರಿಯಿಂದ ಒಂದು ವರ್ಷದ ಸಂಬಳವಿಲ್ಲದ ರಜೆ ಪಡೆದು ಅವನು 'ಸ್ವತಂತ್ರ ಬರಹಗಾರ'ನಾದ ದಿನ ಕಟ್ಟಡದವರೆಲ್ಲ ಸೇರಿ ಇಟ್ಟದ್ದು. (ಬರಹ ಎಂಬ ಪದದಲ್ಲಿ ಬರ ಮೊದಲೇ ಬಂದು ಕೂತಿದೆ ಎಂಬುದನ್ನು ಅವನು ಆ ದಿನ ಗಮನಿಸಿರಲಿಲ್ಲ.) ವರ್ಷ ಮುಗಿಯಲು ಇನ್ನು ಐದೇ ವಾರ. ಅಷ್ಟರಲ್ಲಿ ಹಳೆಯ ಕುರ್ಚಿಗೆ ಹಿಂದಿರುಗದಿದ್ದರೆ ಅದು ಬೇರೆಯವರಿಗೆ ಹೋಗುತ್ತದೆ. ಹಿಂದಿರುಗುವುದಕ್ಕಿಂತ ಕೀಲಿಮಣೆಯ ಮೇಲೆಯೇ ವೀರಸ್ವರ್ಗ ಪಡೆಯುವುದು ಮೇಲೆಂದು ಸಾಹಿತಿ ಶಪಥ ಮಾಡಿದ್ದ.

ಸ್ವತಂತ್ರ ಎಂದರೇನೆಂದು ಈ ವರ್ಷ ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. "ನೀವು ಹೇಗೂ ಮನೇಲೇ ಇರ್ತೀರಲ್ಲ" ಎಂಬ ನಾಲ್ಕು ಪದಗಳ ಮಂತ್ರ ಜಪಿಸಿ, ನಾಲ್ಕೂ ಮಹಡಿಯವರು ತಮ್ಮ ಪಾರ್ಸೆಲ್ಲು, ಕೀಲಿಕೈ, ನಲ್ಲಿ ರಿಪೇರಿಯವನು, ಒಮ್ಮೆ ಒಂದು ಗಿಳಿಯನ್ನೂ ಅವನಿಗೆ ಒಪ್ಪಿಸಿ ಹೋಗಿದ್ದರು. ಗಿಳಿ ಒಂದೇ ವಾರದಲ್ಲಿ "ನಾಳೆ ಕಳಿಸ್ತೀನಿ ಸಾರ್, ನಾಳೆ ಕಳಿಸ್ತೀನಿ" ಎಂದು ಸ್ಪಷ್ಟವಾಗಿ ಕಲಿತುಕೊಂಡಿತು.

ಬರೆಯಲು ಸಿಕ್ಕ ಕೆಲಸಗಳ ವಿಷಯ ಕೇಳಲೇಬೇಡಿ. ಮನೆಯಲ್ಲಿ ಅವನು ಹೇಳಿದ್ದು, ಮಹಾಕಾದಂಬರಿಯೊಂದು ಸಿದ್ಧವಾಗುತ್ತಿದೆ ಎಂದು. ನಿಜವಾಗಿ ವಾರವಾರ ಸಿದ್ಧವಾಗುತ್ತಿದ್ದುದು ಒಂದು ವಾರಪತ್ರಿಕೆಯ 'ಅಕ್ಕನ ಮಡಿಲು' ಅಂಕಣ. ನೊಂದ ಹೆಂಗಸರು ಕಾಗದ ಬರೆಯುತ್ತಾರೆ, ಅನುಭವಿ ಅಕ್ಕ ಸಾಂತ್ವನ ಹೇಳುತ್ತಾಳೆ. ಆ ಅಕ್ಕನಿಗೆ ಮೀಸೆಯಿದೆಯೆಂದು ಸಂಪಾದಕರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಕೆನ್ನೆಗೆ ಅಚ್ಚು ಬಿದ್ದ ದಿನ ಹೋದದ್ದೂ ಅದೇ ಅಂಕಣ. "ಧೈರ್ಯವಾಗಿರು ತಂಗಿ" ಎಂದು ಮುಗಿದ ಮೇಲೆ ನಾಲ್ಕು ಸಾಲು ಉದ್ದಕ್ಕೆ "ಅಅಅಅಅಅ" ಎಂದು ಗಲ್ಲವೇ ಬರೆದಿತ್ತು. ಸಾಹಿತಿ ನಾಚಿಕೆಯಿಂದ ಹಿಡಿಯಷ್ಟಾದ. ಆದರೆ ಸಂಪಾದಕರು ಫೋನು ಮಾಡಿ, "ಕೊನೇಲಿ ಅಕ್ಕ ತಡೀಲಾರದೆ ಅತ್ತುಬಿಡ್ತಾಳಲ್ಲ, ನಮ್ಮ ಕಚೇರೀಲಿ ಇಬ್ಬರು ಕಣ್ಣು ಒರೆಸ್ಕೊಂಡ್ರು. ವಾರಾ ವಾರಾ ಒಂದಿಷ್ಟು ಅಳು ಇರಲಿ," ಎಂದರು. ಹಾಗೆಯೇ ಅಚ್ಚಾಯಿತು. ವರ್ಷವಿಡೀ ತಲೆಯಿಂದ ಬರೆದದ್ದಕ್ಕೆ ಬಾರದ ಮೆಚ್ಚುಗೆ ಕೆನ್ನೆಯಿಂದ ಬರೆದದ್ದಕ್ಕೆ ಬಂತು.

ಎರಡು ವಾರ ಕಳೆದು ಅಕ್ಕನಿಗೆ ಹೊಸದೊಂದು ಕಾಗದ ಬಂತು:

"ಅಕ್ಕಾ, ನನ್ನ ಗಂಡ ಕೆಲಸಕ್ಕೆ ರಜೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷದಿಂದ ಮನೆಯಲ್ಲಿದ್ದಾರೆ. ಏನೋ ಸ್ವಂತ ಕಸುಬಂತೆ. ಕುಕ್ಕರ್ ಕೂಗಿದರೆ ಕುಕ್ಕರಿಗೆ 'ಶ್' ಅನ್ನುತ್ತಾರೆ. ದಿನಕ್ಕೆ ಆರು ಟೀ. ಶರ್ಟಿನ ಗುಂಡಿ ಹಾಕುವಷ್ಟರಲ್ಲಿ ಸಂಜೆಯಾಗಿರುತ್ತದೆ. ಹಳೆಯ ಕೆಲಸ ಇನ್ನೂ ಕೈಬಿಟ್ಟಿಲ್ಲ. ಇವರನ್ನು ಹೀಗೇ ಬಿಡಲೇ, ಅಟ್ಟಲೇ? ಇಂತಿ, ನೊಂದ ತಂಗಿ."

ಸಾಹಿತಿಗೆ ಮೈಯೆಲ್ಲ ಉರಿಯಿತು. "ಎಂಥ ಸೋಮಾರಿಗಳಿರ್ತಾರಪ್ಪ ಲೋಕದಲ್ಲಿ!" ಎಂದು ಗಟ್ಟಿಯಾಗಿಯೇ ಉದ್ಗರಿಸಿದ.

ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ಮಗಳು ಇಣುಕಿದಳು. "ಅಪ್ಪ, ಟೀ ಇಟ್ಟಿದೀನಿ. ಆರನೇದು."

"ಶ್! ಕೆಲಸದಲ್ಲಿದ್ದೀನಿ."

ಅಂದು ಅವನ ಬೆರಳುಗಳಿಗೆ ರೆಕ್ಕೆ ಬಂದಿತ್ತು. ಇಡೀ ವರ್ಷದಲ್ಲಿ ಒಂದಕ್ಷರವನ್ನೂ ಹೊಡೆದುಹಾಕದೆ ಬರೆದದ್ದು ಅದೊಂದೇ:

"ತಂಗಿ, ನಿನ್ನ ಗಂಡ ಕೆಲಸ ಮಾಡುತ್ತಿಲ್ಲ, ಮನೆ ಕಾಯುತ್ತಿದ್ದಾನೆ. ಅದಕ್ಕೆ ಒಂದು ಬೀಗ ಸಾಕು. ರಜೆ ಮುಗಿಯುವ ಹೊತ್ತಿಗೆ ಅವನು ತನ್ನ ಸಾಧನೆಗಳ ಪಟ್ಟಿ ಹಿಡಿದು ಬರುತ್ತಾನೆ, ಇನ್ನು ಆರೇ ಆರು ತಿಂಗಳು ಎಂದು ಗೋಗರೆಯುತ್ತಾನೆ. ಕರಗಬೇಡ. ಸೋಮವಾರ ಬೆಳಗ್ಗೆ ಶರ್ಟಿಗೆ ಇಸ್ತ್ರಿ ಹಾಕಿ ಕೈಗಿಟ್ಟು, ಬಾಗಿಲು ತೋರಿಸು."

ಅದನ್ನು ಕಳುಹಿಸಿ, ಟೀ ಹೀರಿ, ಅವನು ತನ್ನ ಸಾಧನೆಗಳ ಪಟ್ಟಿ ಬರೆಯಲು ಕೂತ.

ರಜೆಯ ಕೊನೆಯ ಭಾನುವಾರ, ಊಟದ ಮೇಜಿನ ಸುತ್ತ ಸಭೆ ಸೇರಿತು. ಸಾಹಿತಿ ಗಂಟಲು ಸರಿಪಡಿಸಿಕೊಂಡು, "ಒಂದು ವರ್ಷದ ಸಿಂಹಾವಲೋಕನ," ಎಂದು ಆರಂಭಿಸಿದ.

"ಸಿಂಹ ವರ್ಷವೆಲ್ಲಾ ಸೋಫಾ ಮೇಲೇ ಇತ್ತಲ್ಲಪ್ಪ," ಎಂದಳು ಮಗಳು.

"ಮಧ್ಯೆ ಬಾಯಿ ಹಾಕಬೇಡ. ಸಾಧನೆ ಒಂದು, ನೀರಿನ ಟ್ಯಾಂಕು ಕಂಪನಿಯ ಕೈಪಿಡಿ. ಸಾಧನೆ ಎರಡು, ಒಬ್ಬ ಮನೆಮಾಲೀಕರ ತಂದೆಯ ಜೀವನಚರಿತ್ರೆ."

"ಪ್ರತಿ ಸಲ ತಿದ್ದುವಾಗಲೂ ಆ ತಂದೆ ಎರಡೆರಡು ಇಂಚು ಎತ್ತರ ಆಗ್ತಿದ್ರಲ್ಲ, ಅವರಾ?" ಹೆಂಡತಿ ಕೇಳಿದಳು.

"ಅವರೇ. ಸಾಧನೆ ಮೂರು, 'ಸುಖನಿದ್ರೆಗೆ ಹತ್ತು ಸೂತ್ರಗಳು'. ಇದಕ್ಕೆ ಆಳವಾದ ಸಂಶೋಧನೆ ನಡೆಸಿದ್ದೇನೆ."

"ಅದನ್ನ ನಾವೂ ಕಣ್ಣಾರೆ ನೋಡಿದೀವಿ. ಕಥೆ?"

"ಬೀಜರೂಪದಲ್ಲಿದೆ."

"ಕಾದಂಬರಿ?"

"ಶೀರ್ಷಿಕೆ ಮುಗಿದಿದೆ." ಸಾಹಿತಿ ಕಾಗದ ಮಡಿಚಿದ. "ಆದ್ದರಿಂದ, ಇನ್ನು ಆರೇ ಆರು ತಿಂಗಳು…"

ಮಾತು ಬಾಯಲ್ಲಿದ್ದಂತೆಯೇ ಎಲ್ಲೋ ಕೇಳಿದ ವಾಕ್ಯವೆನಿಸಿತು. ಹೆಂಡತಿ ಆ ವಾರದ ಪತ್ರಿಕೆ ಬಿಡಿಸಿ, ಅಕ್ಕನ ಉತ್ತರವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು. ಕುಕ್ಕರಿಗೆ 'ಶ್' ಅನ್ನುವ ಆ ಸೋಮಾರಿ ಯಾರೆಂಬುದು ಸಾಹಿತಿಗೆ ಹೊಳೆಯುತ್ತ ಹೋದಂತೆ ಅವನ ಮುಖದ ಬಣ್ಣ ಇಳಿಯುತ್ತ ಹೋಯಿತು.

"ಇದನ್ನ ಬರೆದು ಕೇಳಿದ್ದು ನೀನಾ?"

"ನಾನೇ. ಅಕ್ಕ ಎಷ್ಟು ಸರಿಯಾಗಿ ಹೇಳಿದ್ದಾಳೆ ನೋಡಿ."

"ಯಾವಳೇ ಅವಳು ಅಕ್ಕ! ಬೇರೆಯವರ ಸಂಸಾರದಲ್ಲಿ ಹುಳಿ ಹಿಂಡೋದೇ ಕಸುಬು ಅವಳಿಗೆ. ಅವಳಿಗೇನು ಗೊತ್ತು ಬರಹಗಾರನ ಕಷ್ಟ?"

"ಬೈಬೇಡಿ ಪಾಪ, ಮೊದಲೇ ಅಳುಬುರುಕಿ. ಮೊನ್ನೆ ನಾಲ್ಕು ಸಾಲು ಅತ್ತಿದ್ದಳು. ಅದೂ ನಿಮ್ಮ ಕೆನ್ನೆ ಮೇಲೆ ಅಚ್ಚು ಬಿದ್ದ ವಾರಾನೇ."

ಮಗಳು ಪಠ್ಯಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. ಪುಸ್ತಕ ಗಡಗಡ ಅಲುಗುತ್ತಿತ್ತು.

"ಔಷಧದಂಗಡೀಲಿ ಇಪ್ಪತ್ತು ವರ್ಷದಿಂದ ಡಾಕ್ಟರುಗಳ ಗೀಚು ಓದಿ ಮಾತ್ರೆ ಕೊಟ್ಟಿದೀನಿ," ಎಂದಳು ಹೆಂಡತಿ. "ಗಂಡನ ಗೊರಕೆ ಅಚ್ಚಾಗಿ ಬಂದ್ರೆ ಓದಕ್ಕೆ ಬರಲ್ವಾ?"

"ನೇರವಾಗಿ ನನ್ನನ್ನೇ ಕೇಳಬಹುದಿತ್ತಲ್ಲ ಕಣೇ," ಎಂದ ಸಾಹಿತಿ.

"ಹನ್ನೊಂದು ಸಲ ಕೇಳಿದೆ. ಹನ್ನೊಂದು ಸಲಾನೂ 'ಶ್' ಅಂದ್ರಿ. ಅಕ್ಕ ಮೊದಲನೇ ಸಲಕ್ಕೇ ಉತ್ತರ ಕೊಟ್ಟಳು." ಅವಳು ಪತ್ರಿಕೆ ಮಡಿಚಿಟ್ಟಳು. "ಮುಂಚೆ ಆಫೀಸಿಂದ ಬಂದು ಕೂತು, ಬರೆದಿದ್ದ ಕಥೆ ಓದಿ ಹೇಳ್ತಿದ್ರಿ. ನಾನು ತರಕಾರಿ ಹೆಚ್ಚುತ್ತಾ ಕೇಳ್ತಿದ್ದೆ. ಈ ವರ್ಷ ಒಂದಾದ್ರೂ ಕೇಳಿದೀನಾ ರೀ? ಅಂಕಣ ಮಾತ್ರ ಬಿಡಬೇಡಿ. ಈ ಮನೇಲಿ ನಿಮಗಿಂತ ಅಕ್ಕನಿಗೇ ಬುದ್ಧಿ ಜಾಸ್ತಿ."

ಸಾಹಿತಿ ತನ್ನ ಸಾಧನೆಗಳ ಪಟ್ಟಿಯನ್ನು ಜೇಬಿಗೆ ತುರುಕಿದ. ತಾನೇ ಕೊಟ್ಟ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸಲು ಯಾವ ನ್ಯಾಯಾಲಯವೂ ಉಳಿದಿರಲಿಲ್ಲ.

ಸೋಮವಾರ ಬೆಳಗ್ಗೆ ಇಸ್ತ್ರಿ ಹಾಕಿದ ಶರ್ಟು ಕೈಗೆ ಬಂತು. ಹೆಂಡತಿ ಬಾಗಿಲು ತೋರಿಸಿದಳು. ಅಷ್ಟೇ ಅಲ್ಲ, ತೆರೆದೇ ಇಟ್ಟಿದ್ದಳು.

ವಿಮಾ ಕಚೇರಿಯಲ್ಲಿ ಏನೂ ಬದಲಾಗಿರಲಿಲ್ಲ. ಕಿಟಕಿಯ ಪಕ್ಕದ ಅವನ ಮೇಜಿನ ಮೇಲೆ ಪರಿಹಾರದ ಅರ್ಜಿಗಳ ರಾಶಿ, ಹಿಂದೆ ಕೂತವನ ನೋಟುಪುಸ್ತಕ ಯಾರಿಗೂ ಕಾಣದಷ್ಟು ಎತ್ತರಕ್ಕೆ. ಅವನ ಅಚ್ಚಾದ ಹದಿನೇಳು ಕಥೆಗಳೂ ಹುಟ್ಟಿದ್ದು ಆ ರಾಶಿಯ ಮರೆಯಲ್ಲೇ, ಕಚೇರಿಯ ಹೊತ್ತಿನಲ್ಲೇ.

ಮ್ಯಾನೇಜರು ಕನ್ನಡಕ ಏರಿಸಿಕೊಂಡು ಹಳೆಯ ರಜಾ ಅರ್ಜಿಯನ್ನು ಹುಡುಕಿ ತೆಗೆದರು.

"ಹೋಗುವಾಗ ಕಾರಣ ಅನ್ನೋ ಕಡೆ 'ಬರೆಯಲು' ಅಂತ ಹಾಕಿದ್ದೀರಿ. ಈಗ ವಾಪಸ್ ಬಂದಿದ್ದಕ್ಕೂ ಒಂದು ಕಾರಣ ನಮೂದಿಸಬೇಕು. ಏನಂತ ಹಾಕ್ಲಿ?"

ಸಾಹಿತಿ ಒಮ್ಮೆ ಆ ರಾಶಿಯ ಕಡೆ ನೋಡಿದ.

"ಅದನ್ನೇ ಹಾಕಿ ಸಾರ್."