ಬಾಗಿಲ ಮಡಿಕೆಗೆ ಬಂದ ಪರೀಕ್ಷೆ

ಬಾಯಾರಿದವರಿಗೆ ನೀರು ಕೊಟ್ಟರೆ ಪುಣ್ಯ ಬರುತ್ತದೆ ಎನ್ನುತ್ತಾರೆ. ನಾನು ಕೊಡುತ್ತಿದ್ದುದು ಪುಣ್ಯದ ಆಸೆಗಲ್ಲ, ಮಾತಿನ ಆಸೆಗೆ. ಹೆಂಡತಿ ಮಗಳ ಜೊತೆ ಹಿಂದೂಪುರದ ಗಾರ್ಮೆಂಟ್ಸ್‌ಗೆ ಹೋದಳು. ನಾನು ಮಡಕಶಿರದ ಮನೆಗೆ ಬೀಗ ಹಾಕಿ, ಜೀನ್ಸ್ ಪ್ಯಾಂಟಿಗೆ ಜಿಪ್ಪು ಹೊಲಿಯಲು ರಾಯದುರ್ಗಕ್ಕೆ ಬಂದೆ. ಬಾಡಿಗೆ ಕೋಣೆಯಲ್ಲಿ ದಿನವಿಡೀ ಮಾತಾಡುವುದು ಮಿಷಿನ್ ಒಂದೇ, ಅದಕ್ಕೆ ಬರುವುದೂ ಒಂದೇ ಮಾತು. ಹಾಗಾಗಿ ಬಾಗಿಲಲ್ಲಿ ಒಂದು ಮಡಿಕೆ ಇಟ್ಟೆ. ಹೊಲಿಗೆಗೆ ಹೋಗಿಬರುವವರು ನಿಂತರೆ ನಾನೇ ಎದ್ದು ಚೊಂಬು ಮುಳುಗಿಸಿ ಕೊಡುತ್ತಿದ್ದೆ. ಅವರು ಕುಡಿಯುವಷ್ಟರಲ್ಲಿ ಊರು, ಮಕ್ಕಳು, ಮಂಡಿನೋವು ಎಲ್ಲ ವಿಚಾರಿಸಿಬಿಡುತ್ತಿದ್ದೆ. ಬೊಮ್ಮನಹಾಳದ ಒಬ್ಬಾಕೆ, "ನಿಮ್ ನೀರು ತಣ್ಣಗೈತ್ರಿ, ಮಾತು ಭಾಳ ಉದ್ದೈತ್ರಿ" ಎನ್ನುತ್ತಲೇ ದಿನಾ ಬರುತ್ತಿದ್ದಳು.

ಓಣಿಯಲ್ಲಿ ವಾಂತಿಭೇದಿ ಶುರುವಾದಾಗ ಆಶಾ ಕಾರ್ಯಕರ್ತೆ ಶಾಂತಮ್ಮ ಎರಡು ಪುಟ್ಟ ಬಾಟಲಿ ಹಿಡಿದು ಬಂದರು. ಒಳಗೆ ಒಂದೊಂದು ಚೂರು ಕಾಗದ. ಒಂದಕ್ಕೆ ಬೀದಿ ನಲ್ಲಿಯ ನೀರು, ಇನ್ನೊಂದಕ್ಕೆ ಅದೇ ನಲ್ಲಿಯಿಂದ ತುಂಬಿಟ್ಟ ನನ್ನ ಮಡಿಕೆಯದು. ಹೊಲಸು ಕ್ರಿಮಿ ಇದ್ದರೆ ಕಪ್ಪಾಗುತ್ತದಂತೆ. ಇಷ್ಟು ಅಗ್ಗದ ಕಾಗದಕ್ಕೆ ಏನು ಗೊತ್ತಾದೀತು ಎಂದು ನಕ್ಕೆ. ಎರಡು ದಿನಕ್ಕೆ ನನ್ನ ಬಾಟಲಿ ಕಾಡಿಗೆಯಂತಾಯಿತು.

"ನಲ್ಲಿ ನೀರು ಚಲೋ ಐತ್ರಿ. ಮಡಿಕ್ಯಾಗಿಂದು ಕೆಟ್ಟೈತಿ. ನಡುವ ಏನೈತ್ರಿ?" ಎಂದರು ಶಾಂತಮ್ಮ.

"ನಾನೇ ಇರೋದು ಕಣವ್ವ," ಎಂದೆ.

ಅವರು ನನ್ನ ಕೈ ನೋಡಿದರು. ಚೊಂಬಿನ ಜೊತೆ ಮಣಿಕಟ್ಟಿನವರೆಗೂ ಮುಳುಗುತ್ತಿದ್ದ ಕೈ ಅದು. ಮಾತಿನ ಚಪಲಕ್ಕೆ ಓಣಿಗೆಲ್ಲ ಹೊಟ್ಟೆನೋವು ಹಂಚಿದೆನೇನೋ ಎಂದು ನಾಚಿಕೆಯಾಯಿತು. ಜನ ಬಾಗಿಲ ಕಡೆ ತಿರುಗಿಯೂ ನೋಡದಾದರು.

ಮಡಿಕೆ ತೆಗೆದು, ನಲ್ಲಿ ಇರುವ ಸ್ಟೀಲ್ ಡ್ರಮ್ಮು ತಂದಿಟ್ಟೆ. ನೀರು ಕಾಯಿಸಿ ಆರಿಸಿ ತುಂಬಿದೆ. ಮುಂದಿನ ಸಲ ಕಾಗದ ಕಪ್ಪಾಗಲಿಲ್ಲ. ಶಾಂತಮ್ಮ ಓಣಿಗೆಲ್ಲ ಹೇಳಿದರು. ಜನ ಒಬ್ಬೊಬ್ಬರಾಗಿ ಮರಳಿದರು. ಆದರೆ ಈಗ ನನ್ನ ಅಗತ್ಯವಾದರೂ ಏನು? ನಲ್ಲಿ ತಿರುವುತ್ತಾರೆ, ಕುಡಿಯುತ್ತಾರೆ, ಹೋಗುತ್ತಾರೆ. ಬೊಮ್ಮನಹಾಳದಾಕೆ ಕೂಡ. ಒಳಗೆ ಕೂತು ನೀರು ಸುರಿಯುವ ಸದ್ದು ಕೇಳುತ್ತಿದ್ದೆ. ಸುಳ್ಳೇಕೆ ಹೇಳಲಿ, ಒಂದೆರಡು ಸಲ ಅಳುವೂ ಬಂತು.

ಒಂದು ವಾರ ತಡೆದೆ. ಆಮೇಲೆ ಸ್ಪ್ಯಾನರ್ ತಂದು ಡ್ರಮ್ಮಿನ ನಲ್ಲಿಯನ್ನು ಚೂರು ಬಿಗಿ ಮಾಡಿದೆ. ಈಗ ಎಲ್ಲರೂ, "ಇದು ತಿರುಗವಲ್ದ್ರೀ, ಒಂಚೂರು ಬರ್ರಿ!" ಎಂದು ಕೂಗುತ್ತಾರೆ. "ಹಾಳಾದ್ ನಲ್ಲಿ, ಕೆಲ್ಸ ಮಾಡಾಕೂ ಬಿಡಲ್ಲ" ಎಂದು ಗೊಣಗುತ್ತಾ, ಸೋಪು ಹಚ್ಚಿ ಕೈ ತೊಳೆದು, ಓಡುತ್ತೇನೆ.