ಕುದುರೆಯವನ ರಾಹುಕಾಲ

ನಮ್ಮ ಮನೆಯಲ್ಲಿ ಸಿನಿಮಾ ನೋಡುತ್ತಿದ್ದುದು ಒಬ್ಬರು, ಕೇಳುತ್ತಿದ್ದುದು ಏಳು ಮಂದಿ. ಇಂಥ ಮನೆಯಲ್ಲಿ ಎಡವಟ್ಟುಗಳಿಗೆ ಬರವೇ? ಐವತ್ತೈದು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಮುದ್ದು ಮಾಡಿದ ಒಂದು ಕುದುರೆ–ಪಿಸ್ತೂಲಿನ ಇಂಗ್ಲಿಷ್ ಪಿಚ್ಚರನ್ನು ನಾನು ಮೊದಲ ಸಲ ಕಣ್ಣಾರೆ ನೋಡಿದ್ದು ಮೊನ್ನೆ, ಎನ್.ಆರ್. ಕಾಲೋನಿಯಲ್ಲಿ, ಅಣ್ಣನ ಮನೆಯಲ್ಲಿ. ಅದಕ್ಕೆ ಮುಂಚೆ ನಡೆದದ್ದನ್ನೂ ಹೇಳದಿದ್ದರೆ ಮೊನ್ನೆಯದು ಅರ್ಥವಾಗುವುದಿಲ್ಲ.

ಅಜ್ಜಿಯ ಸೆನ್ಸಾರು

ಪಿಚ್ಚರಿಗೆ ಮನೆಯಿಂದ ಒಬ್ಬರು ಹೋಗಬಹುದು, ಹೋದವರು ಬಂದು ಉಳಿದವರಿಗೆಲ್ಲ ಕಥೆಯನ್ನು ಒಂದು ಚೂರೂ ಬಿಡದೆ ಹೇಳಬೇಕು. ಇದು ಅಜ್ಜಿ ಮಾಡಿದ ಕಾನೂನು. ಆಗ ಅಣ್ಣನಿಗೆ ಹದಿನಾಲ್ಕು, ನನಗೆ ಎಂಟು. ಅವನು ಉಪ್ಪಾರಪೇಟೆ ಹತ್ತಿರದ ಟಾಕೀಸಿಗೆ ಮ್ಯಾಟಿನಿಗೆ ಹೋಗಿಬಂದ ಸಂಜೆ, ಅಜ್ಜಿ ಹಜಾರದಲ್ಲಿ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ಹುಳಿಯನ್ನದ ಕೈತುತ್ತು ಹಾಕುತ್ತಿದ್ದಳು. ಅಣ್ಣ ಕಥೆ ಶುರುಮಾಡಿದ. ಹೀರೋನನ್ನು ನಾವು 'ಕುದುರೆಯವನು' ಎಂದೇ ಕರೆದೆವು.

"ಬಯಲಲ್ಲಿ ಒಬ್ಬನೇ ಹೋಗ್ತಾನಲ್ಲೋ, ಊಟಕ್ಕೆ ಏನ್ಮಾಡ್ತಾನೆ?" ಎಂದು ಅಜ್ಜಿ ಕೇಳಿದಳು.

ಅಣ್ಣ ತುತ್ತು ನುಂಗುವಷ್ಟು ಹೊತ್ತು ಯೋಚಿಸಿ, "ಅವಲಕ್ಕಿ ಅಜ್ಜಿ. ಗಂಟು ಕಟ್ಕೊಂಡಿರ್ತಾನೆ" ಎಂದ.

"ಸ್ನಾನ?"

"ಹೊಳೆ ಇದ್ಯಲ್ಲ."

"ಹೊಡೆದಾಟ ಯಾವಾಗ?"

"ಶುಕ್ರವಾರ. ಕೇಡಿ ಹತ್ತೂವರೆಗೇ ಬೀದಿಗೆ ಬಾ ಅಂದ."

ಅಜ್ಜಿಯ ಕೈ ಹಾಗೇ ನಿಂತಿತು. "ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರುವಾಗತ್ತಲ್ಲೋ! ಹೋಗಿಬಿಟ್ನಾ?"

"ಇಲ್ಲ ಅಜ್ಜಿ. ಹನ್ನೆರಡು ಹೊಡೆಯೋವರೆಗೂ ಕಾದ. ರಾಹುಕಾಲ ಕಳೆದ್ಮೇಲೇ ಬೀದಿಗಿಳಿದ. ಅದಕ್ಕೇ ಗೆದ್ದ."

ಅಜ್ಜಿಯ ಮುಖ ಅರಳಿತು. "ಒಳ್ಳೇ ಮನೆತನದ ಹುಡುಗ" ಎಂದು ಕುದುರೆಯವನನ್ನು ಹೊಗಳಿ, ಅವನ ಪಾಲಿನ ಎರಡು ತುತ್ತನ್ನೂ ಅಣ್ಣನಿಗೇ ಹಾಕಿದಳು.

ಭೂಗೋಳದ ಟೀಚರು

ಆಮೇಲೆ ಎಷ್ಟೋ ವರ್ಷ, ಸುಮ್ಮನೆ ಕಿಟಕಿಯ ಪಕ್ಕ ಕೂತಾಗಲೆಲ್ಲ ಆ ಕುದುರೆಯವನು ಬರುತ್ತಿದ್ದ. ನಾನು ಕಂಡಿದ್ದ ದೊಡ್ಡ ಬಂಡೆ ಕಹಳೆ ಬಂಡೆಯೊಂದೇ. ಹಾಗಾಗಿ ಅಮೆರಿಕದ ಮರಳುಗಾಡು ಅದರ ಹಿಂದುಗಡೆಯೇ ಶುರುವಾಗುತ್ತಿತ್ತು. ಬಿಳಿ ಕುದುರೆ, ಜೀನಿಗೆ ಕಟ್ಟಿದ ಅವಲಕ್ಕಿ ಗಂಟು, ಸಂಜೆಯ ಹೊಂಬಿಸಿಲು. ಅವನು ಗಾಂಧಿಬಜಾರಿನ ಹೂವಿನಂಗಡಿಗಳ ಮುಂದೆ ಕುದುರೆಯನ್ನು ಮೆಲ್ಲಗೆ ನಡೆಸಿಕೊಂಡು ಹೋದರೆ ಹೂ ಕಟ್ಟುವವರು ಕೂಡ ತಲೆ ಎತ್ತುತ್ತಿರಲಿಲ್ಲ, ಅಷ್ಟು ನಮ್ಮವನಾಗಿದ್ದ.

ಮುಂದೆ ನಾನು ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಟೀಚರಾದೆ. ಒಂದು ದಿನ ಪಾಠದ ಭರದಲ್ಲಿ, "ಅಲ್ಲಿನ ಕುದುರೆ ಸವಾರರ ಮುಖ್ಯ ಆಹಾರ ಅವಲಕ್ಕಿ" ಎಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿ ಪಾಠ ಕೇಳಲು ಕೂತಿದ್ದ ಹೆಡ್‌ಮಿಸ್ ಎದ್ದು ನಿಂತರು.

"ಟೀಚರೇ, ಮರಳುಗಾಡಲ್ಲಿ ಅವಲಕ್ಕಿ ಎಲ್ಲಿಂದ ಬರತ್ತೆ?"

"ಗಂಟಿನಿಂದ ಮೇಡಂ" ಎಂದೆ. ಆ ಕ್ಷಣದಲ್ಲಿ ನನಗೆ ಅಷ್ಟು ಸ್ಪಷ್ಟವಾಗಿ ಗಂಟು ಕಾಣಿಸುತ್ತಿತ್ತು.

ಪರೀಕ್ಷೆಯಲ್ಲಿ ಇಡೀ ಕ್ಲಾಸು ಅವಲಕ್ಕಿ ಎಂದೇ ಬರೆಯಿತು. ಒಬ್ಬಳಂತೂ 'ಗೊಜ್ಜವಲಕ್ಕಿ' ಎಂದು ಬರೆದಿದ್ದಳು. ಅವಳಿಗೆ ಅರ್ಧ ಮಾರ್ಕು ಜಾಸ್ತಿ ಕೊಟ್ಟೆ. ಇದನ್ನು ಅಣ್ಣನಿಗೆ ಹೇಳಿದಾಗ ಅವನು ನಗುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಸಪ್ಪಗಾಯಿತು. "ಪಾಠದಲ್ಲೆಲ್ಲ ಯಾಕೆ ಹೇಳಕ್ಕೆ ಹೋದ್ಯೇ?" ಎಂದ.

ಮೂರು ಭಾನುವಾರ

ಅತ್ತಿಗೆ ಹಿಡಿದದ್ದನ್ನು ಬಿಡುವವರಲ್ಲ. ಶುಕ್ರವಾರದ ರಾಹುಕಾಲದಲ್ಲಿ ದೇವಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚುವುದನ್ನು ಅವರು ಒಂದು ವಾರವೂ ತಪ್ಪಿಸಿದ್ದಿಲ್ಲ. ಮದುವೆಯಾದಾಗಿನಿಂದ ಗಂಡನ ಬಾಯಲ್ಲಿ ಈ ಪಿಚ್ಚರಿನ ಹೆಸರು ಕೇಳಿ ಕೇಳಿ, ಮೊಬೈಲಿನಲ್ಲಿ ಹುಡುಕಿ ಹುಡುಕಿ, ಕೊನೆಗೆ ಟಿ.ವಿ.ಗೆ ತಂದರು. ನನಗೆ ಫೋನೂ ಮಾಡಿದರು.

ಮೊದಲ ಭಾನುವಾರ ಹೋದೆ. ಅಣ್ಣನಿಗೆ ಮಂಡಿನೋವು. ಟಿ.ವಿ. ನೋಡಲು ಮಂಡಿ ಯಾಕೆ ಬೇಕು ಎಂದು ನಾವ್ಯಾರೂ ಕೇಳಲಿಲ್ಲ. ಎರಡನೇ ಭಾನುವಾರ ಇಂಟರ್ನೆಟ್ ಕೆಟ್ಟಿತ್ತು. ಅದರ ಪ್ಲಗ್ಗು ಅಣ್ಣನ ದಿಂಬಿನ ಕೆಳಗೆ ಸಿಕ್ಕಿತು. ಮೂರನೆಯ ಭಾನುವಾರ, "ಏಕಾದಶಿ ದಿನ ಹೊಡಿ ಬಡಿ ನೋಡಬಾರದು" ಎಂದ.

"ಏಕಾದಶಿ ನೆನಪಿದ್ದೋರು ಬೆಳಗ್ಗೆ ನಾಲ್ಕು ಇಡ್ಲಿ ಯಾಕ್ರೀ ತಿಂದ್ರಿ?" ಎಂದರು ಅತ್ತಿಗೆ.

ನಿಜ ಹೇಳಬೇಕೆಂದರೆ, ಪ್ರತಿ ಸಲ ತಪ್ಪಿದಾಗಲೂ ನನಗೆ ಒಳಗೊಳಗೇ ನಿರಾಳವಾಗುತ್ತಿತ್ತು. ಅಜ್ಜಿ ಹೋದಳು, ಆ ಹಜಾರದ ಮನೆಯೂ ಹೋಯಿತು. ಆ ಸಂಜೆಯದೆಂದು ನನ್ನ ಹತ್ತಿರ ಉಳಿದಿದ್ದವನು ಆ ಕುದುರೆಯವನೊಬ್ಬನೇ. ಟಿ.ವಿ.ಯಲ್ಲಿ ಬೇರೆ ಯಾರೋ ಬಂದು ಅವನ ಜಾಗದಲ್ಲಿ ಕೂತುಬಿಟ್ಟರೆ ಏನು ಮಾಡಲಿ ಎಂದು ನನಗೆ ಭಯವಿತ್ತು.

ಸೀಸನ್ನು

ನಾಲ್ಕನೆಯ ಭಾನುವಾರ ಅಣ್ಣನ ಬತ್ತಳಿಕೆ ಖಾಲಿಯಾಗಿತ್ತು. ಊಟವಾಯಿತು, ಪರದೆ ಎಳೆದೆವು, ಪಿಚ್ಚರ್ ಶುರುವಾಯಿತು. ಕುದುರೆ ಬಿಳಿಯಲ್ಲ, ಕಂದು. ಹೊಳೆ ಇರಲಿ, ಕುಂಟೆಯೂ ಇಲ್ಲ. ಧೂಳೋ ಧೂಳು.

"ಈ ಮನುಷ್ಯ ಸ್ನಾನ ಮಾಡಿ ಯುಗಾದಿಗೆ ಎಷ್ಟು ವರ್ಷ ಆಗತ್ತೆ?" ಎಂದು ಅತ್ತಿಗೆ ಕೇಳಿದರು. ಅಣ್ಣ ಸೋಫಾದಲ್ಲಿ ಇನ್ನಷ್ಟು ಕೆಳಗೆ ಜಾರಿದ.

ಕುದುರೆಯವನು ಬೆಂಕಿಯ ಮುಂದೆ ಕೂತ. ನಾನು ಗಂಟಿಗಾಗಿ ಕಾದೆ. ಅವನು ಒಂದು ಡಬ್ಬಿ ತೆಗೆದು, ಅದರಿಂದ ಬೇಯಿಸಿದ ಕಾಳನ್ನು ಚಮಚದಲ್ಲಿ ತಿನ್ನತೊಡಗಿದ.

"ಅಣ್ಣ, ಅವಲಕ್ಕಿ ಎಲ್ಲಿ?" ಎಂದೆ.

ಅವನು ಕಾಳನ್ನೇ ದಿಟ್ಟಿಸಿ ನೋಡಿ, "ಅವರೆಕಾಯಿ ಸೀಸನ್ನು ಕಣೇ" ಎಂದ.

ಹನ್ನೆರಡು ಗಂಟೆ

ಕೇಡಿ ಊರಿಗೆ ಬಂದ. ಆಗ ಅಣ್ಣ ರಿಮೋಟ್ ಒತ್ತಿ ಪಿಚ್ಚರ್ ನಿಲ್ಲಿಸಿದ.

"ನಾನು ಈ ಪಿಚ್ಚರ್ ನೋಡೇ ಇಲ್ಲ ಕಣೇ" ಎಂದ. "ಅವತ್ತು ಹೌಸ್‌ಫುಲ್. ಟಾಕೀಸಿನ ಪಕ್ಕದ ಬಾಗಿಲ ಹತ್ರ ಪೋಸ್ಟರ್ ನೋಡ್ತಾ ಕೂತಿದ್ದೆ. ಒಳಗಿಂದ ಕುದುರೆ ಓಡೋದು, ಗುಂಡಿನ ಸದ್ದು, ಎಲ್ಲಾ ಕೇಳಿಸ್ತಿತ್ತು. ಮನೆಗೆ ಬಂದ್ರೆ ನೀವೆಲ್ಲ ಕೈ ಚಾಚ್ಕೊಂಡು ಕೂತಿದೀರ. ನೀನಂತೂ ಮುಂದೇನೇ. ನೋಡಿಲ್ಲ ಅಂತ ಹೆಂಗೆ ಹೇಳ್ಲಿ? ಎಲ್ಲಾ ನಾನೇ ಕಟ್ಟಿದ್ದು. ಆ ರಾಹುಕಾಲಾನೂ."

ಐವತ್ತೈದು ವರ್ಷ ಇವನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ನನಗೆ ಸಿಟ್ಟು ಬರಲಿಲ್ಲ. ಟಿ.ವಿ.ಯ ಆ ಧೂಳುಮುಖದ ಹೀರೋನ ಬಗ್ಗೆ ಇದ್ದ ಭಯವೂ ಹೋಯಿತು. ನನ್ನ ಕುದುರೆಯವನು ಅವನಾಗಿರಲೇ ಇಲ್ಲ. ಬಾಗಿಲ ಹೊರಗೆ ಕೂತು ಕಿವಿಗೊಟ್ಟಿದ್ದ ಹದಿನಾಲ್ಕು ವರ್ಷದ ನನ್ನಣ್ಣನೇ ಅವನು. "ನಿನ್ನ ಪಿಚ್ಚರೇ ಚೆನ್ನಾಗಿತ್ತು ಬಿಡು" ಎಂದೆ. ಇಬ್ಬರ ಕಣ್ಣೂ ಒದ್ದೆಯಾಗಿತ್ತು.

ಅತ್ತಿಗೆಗೆ ಕಥೆ ಮುಗಿಯಬೇಕಿತ್ತು. ರಿಮೋಟ್ ಕಿತ್ತುಕೊಂಡು ಒತ್ತಿದರು.

ಕೇಡಿ ಬೀದಿಯಲ್ಲಿ ನಿಂತು ಕೂಗುತ್ತಿದ್ದಾನೆ. ಕುದುರೆಯವನು ಒಳಗೆ ಕುರ್ಚಿಯಲ್ಲಿ ಕೂತಿದ್ದಾನೆ, ಜಪ್ಪಯ್ಯ ಅಂದರೂ ಏಳುತ್ತಿಲ್ಲ. ಗೋಡೆ ಗಡಿಯಾರವನ್ನೇ ನೋಡುತ್ತಿದ್ದಾನೆ. ಹನ್ನೆರಡಕ್ಕೆ ಐದು ನಿಮಿಷ. ಎರಡು ನಿಮಿಷ. ಢಣ್ ಢಣ್ ಎಂದು ಹನ್ನೆರಡು ಹೊಡೆಯಿತು. ಕುದುರೆಯವನು ಎದ್ದ, ಟೋಪಿ ಹಾಕಿಕೊಂಡ, ಬೀದಿಗಿಳಿದ.

ಅಣ್ಣ ಮಂಡಿನೋವು ಮರೆತು ಎದ್ದು ನಿಂತ. "ಅಜ್ಜೀ! ಕಾದ ಅಜ್ಜೀ! ನಿಜವಾಗ್ಲೂ ಕಾದ!"

"ಇರಿ, ಇರಿ" ಎಂದರು ಅತ್ತಿಗೆ. "ಹನ್ನೆರಡಾಯ್ತು ಸರಿ. ಅವತ್ತು ಶುಕ್ರವಾರ ಅಂತ ಎಲ್ಲಿದೆ?"

ಅಣ್ಣ ಟಿ.ವಿ.ಯನ್ನು ನೋಡಿದ. ಗುಂಡಿನ ಕಾಳಗಕ್ಕೆ ಹೆದರಿ ಊರೆಲ್ಲ ಬಾಗಿಲು ಹಾಕಿಕೊಂಡಿತ್ತು, ಬೀದಿ ಬಿಕೋ ಎನ್ನುತ್ತಿತ್ತು. ಒಂದು ತುತ್ತು ನುಂಗುವಷ್ಟು ಹೊತ್ತು ಅವನು ಯೋಚಿಸಿದ.

"ಬೀದೀಲಿ ಒಬ್ಬ ಹೆಂಗಸಾದ್ರೂ ಇದಾಳಾ ನೋಡು. ಎಲ್ಲಾರೂ ದೇವಿ ಗುಡೀಲಿ ನಿಂಬೆಹಣ್ಣಿನ ದೀಪ ಹಚ್ಚಕ್ಕೆ ಹೋಗಿದಾರೆ."

ಅತ್ತಿಗೆ ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ ತಲೆದೂಗಿದರು.

"ಹೌದು, ಇನ್ನೂ ಬಂದಿರಲ್ಲ ಬಿಡಿ. ಶುಕ್ರವಾರ ಕ್ಯೂ ಜಾಸ್ತಿ."