ಮಧುಗಿರಿ ಜಟಕಾದಲ್ಲಿ ಐರ್ಲೆಂಡಿನ ರೀಲು

ಕೆಲವರಿಗೆ ಜೀವಮಾನದಲ್ಲಿ ಒಂದು ವಿಚಿತ್ರ ನಡೆದರೆ ಹೆಚ್ಚು. ನನಗೆ ಮನೆಯಿಂದ ಆಚೆ ಕಾಲಿಟ್ಟರೆ ಸಾಕು, ಯಾವುದಾದರೂ ಒಂದು ವಿಚಿತ್ರ ಬಾಗಿಲಲ್ಲೇ ಕಾಯ್ತಾ ಕೂತಿರ್ತಿತ್ತು. ಆಗಿನ ಮೈಸೂರು ಸೀಮೆಯಲ್ಲಿ ನಾಲ್ಕು ತಂತಿಯ ಬಾಂಜೋ ಹಿಡಿದು ಐರ್ಲೆಂಡ್ ದೇಶದ ರೀಲು ನುಡಿಸಿದ ಮೊದಲನೇ ಮನುಷ್ಯ ನಾನು. ಅಲ್ಲ ಅನ್ನೋರಿದ್ದರೆ ಎದ್ದು ನಿಲ್ಲಲಿ. ನಿಲ್ಲೋಲ್ಲ. ಆವತ್ತು ಕೇಳಿದೋರು ಒಬ್ಬೊಬ್ಬರಾಗಿ ಮಣ್ಣು ಸೇರಿದರು. ನಾನು ಮಾತ್ರ ಗುಂಡುಕಲ್ಲಿನ ಹಾಗೆ ಕೂತಿದ್ದೀನಿ. ಕೊನೇಲಿ ಉಳಿದೋನು ಹೇಳಿದ್ದೇ ಇತಿಹಾಸ.

ಪಾದ್ರಿ ಸ್ವಾಮಿಯ ಷರತ್ತು

ಆಗ ನಾನು ಮಧುಗಿರಿಯಲ್ಲಿ ಜಟಕಾ ಹೊಡೀತಿದ್ದೆ. ಬೆಟ್ಟದ ಬುಡದಲ್ಲಿ ಒಂದು ಹಂಚಿನ ಮನೆ ಬಾಡಿಗೆಗೆ ಹಿಡಿದು ಒಬ್ಬ ಬಿಳಿ ಪಾದ್ರಿ ದವಾಖಾನೆ ಇಟ್ಟಿದ್ದರು. ಊರೋರೆಲ್ಲ ಅವರನ್ನು ಪಾದ್ರಿ ಸ್ವಾಮಿ ಅಂತಿದ್ದರು. ಐರ್ಲೆಂಡಿನೋರು. ಯಾರಾದರೂ ಮರೆತು ಇಂಗ್ಲೆಂಡು ಅಂದುಬಿಟ್ಟರೆ ಅವತ್ತು ಅವರಿಗೆ ಕೊಡೋ ಔಷಧಿ ಸ್ವಲ್ಪ ಜಾಸ್ತಿ ಕಹಿ ಇರ್ತಿತ್ತು.

ಕನ್ನಡವನ್ನು ಅವರು ಪುಸ್ತಕದಿಂದ ಕಲಿತಿದ್ದರು. ಮೊದಲ ದಿನ ನನ್ನ ಗಾಡಿ ಹತ್ತಿ, "ಸಾರಥಿಯೇ, ದಯಮಾಡಿ ಮಂದಗತಿಯಿಂದ ಚಲಿಸತಕ್ಕದ್ದು" ಅಂದರು. ನನ್ನ ಕುದುರೆ ಹಿಂದಕ್ಕೆ ತಿರುಗಿ ನೋಡಿತು.

ಹಳ್ಳಿ ಮೇಲೆ ಔಷಧಿ ಕೊಡೋಕೆ ಹೋಗೋವಾಗ ಅವರ ತೊಡೆ ಮೇಲೆ ಔಷಧಿ ಪೆಟ್ಟಿಗೆ ಇರ್ತಿರಲಿಲ್ಲ, ಬಾಂಜೋ ಇರ್ತಿತ್ತು. ಚರ್ಮ ಬಿಗಿದ ಗುಂಡು ಹೊಟ್ಟೆ, ಉದ್ದನೆ ಕತ್ತು, ನಾಲ್ಕು ತಂತಿ. ಅದರಲ್ಲಿ ಅವರ ದೇಶದ ಕುಣಿತದ ಮಟ್ಟು ಹೊಡೆಯೋರು. ಅದಕ್ಕೆ ರೀಲು ಅಂತ ಹೆಸರು. ಒಂದೊಂದು ರೀಲಿಗೂ ಎರಡು ಭಾಗ. ತಗ್ಗು ಸ್ವರದಲ್ಲಿ ಓಡೋದಕ್ಕೆ ಕೆಳಗಿನ ಬೀದಿ, ಏರು ಸ್ವರದಲ್ಲಿ ಓಡೋದಕ್ಕೆ ಮೇಲಿನ ಬೀದಿ ಅಂತ ನಾನೇ ಹೆಸರಿಟ್ಟೆ. ಕೆಳಗಿನ ಬೀದಿ ಎರಡು ಸಲ, ಮೇಲಿನ ಬೀದಿ ಎರಡು ಸಲ, ಮತ್ತೆ ಮೊದಲಿಂದ. ಬರೆಯೋದು ಓದೋದು ಇಲ್ಲ, ಬರೀ ಕೇಳಿ ಕಲಿಯೋದು. ಓದು ಬರಹ ಇಲ್ಲದ ನನಗೆ ಹೇಳಿ ಮಾಡಿಸಿದ ವಿದ್ಯೆ. ಎಮ್ಮೆ ಕೊಂಬಿನ ಬಾಚಣಿಗೆ ಮುರಿದು ತಂತಿ ಮೀಟೋ ಚೂರು ಮಾಡಿಕೊಂಡೆ. ಬೇರೆಯೋರಿಗೆ ಅರ್ಧ ಆಯಸ್ಸು ಬೇಕಾಗೋದು ನನಗೆ ಒಂದು ಮಳೆಗಾಲದಲ್ಲಿ ಬಂತು. ಬೆರಳು ಎಷ್ಟು ಜೋರಾಗಿ ಓಡ್ತಿತ್ತು ಅಂದರೆ ಉಗುರು ಬೆಳೆಯೋಕೆ ಪುರುಸೊತ್ತು ಸಿಗ್ತಿರಲಿಲ್ಲ.

ಒಂದು ಸಾಯಂಕಾಲ ಪಾದ್ರಿ ಸ್ವಾಮಿ ಹೇಳಿದರು, "ಯುಗಾದಿ ಕಳೆದ ಮೇಲೆ ನಾನು ಸ್ವದೇಶಕ್ಕೆ ಹಿಂದಿರುಗುವೆನು. ಈ ಮಟ್ಟುಗಳು ಒಬ್ಬ ಕಮ್ಮಾರನಿಂದ ನನಗೆ ಬಂದವು, ನನ್ನಿಂದ ತಮಗೆ. ತಾವು ಇನ್ನೊಬ್ಬರಿಗೆ ಒಂದೇ ಒಂದು ರೀಲನ್ನು ಕಲಿಸಿದರೂ ಈ ಬಾಂಜೋ ತಮ್ಮದು. ಇಲ್ಲವಾದರೆ ಅದು ನನ್ನೊಡನೆ ಹಡಗು ಹತ್ತುವುದು."

ಅದು ಕೈಲಿಲ್ಲದ ದಿನ ಅನ್ನ ಸೇರ್ತಿರಲಿಲ್ಲ ನನಗೆ. ಆದರೂ ಬಾಯಿ ಸುಮ್ಮನಿರಬೇಕಲ್ಲ? "ಬುಡಿ ಸ್ವಾಮಿ, ಒಬ್ರೇನು, ನಾಕು ತಾಲ್ಲೂಕಿಗೂ ಕಲಿಸ್ಬುಡ್ತೀನಿ" ಅಂದೆ.

"ಒಬ್ಬರು ಸಾಕು" ಅಂದರು ಅವರು. ನನ್ನನ್ನು ಅವರಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡೋರು ಬೇರೆ ಇರಲಿಲ್ಲ.

ಅಮಲ್ದಾರರ ಸಾಕ್ಷಿ

ನಿಜ ಹೇಳಬೇಕಂದರೆ ನನಗಿಂತ ಮುಂಚೆ ಕಲಿತದ್ದು ನನ್ನ ಕುದುರೆ. ರೀಲಿನ ಹೆಜ್ಜೆಗೂ ಕುದುರೆ ಹೆಜ್ಜೆಗೂ ಕೂದಲಷ್ಟೂ ವ್ಯತ್ಯಾಸವಿಲ್ಲ. ಒಂದು ಸಲ ಮೇಲಿನ ಬೀದಿ ಮಧ್ಯದಲ್ಲಿ ತಂತಿ ಕಿತ್ತುಹೋಯಿತು. ಕುದುರೆ ಎತ್ತಿದ ಕಾಲು ಎತ್ತಿದ ಹಾಗೇ ನಿಂತುಬಿಟ್ಟಿತು. ಹೊಸ ತಂತಿ ಕಟ್ಟಿ ಮಟ್ಟು ಮುಗಿಸಿದ ಮೇಲೇ ಕಾಲು ಕೆಳಗಿಟ್ಟದ್ದು. ಅಷ್ಟು ಹೊತ್ತಿಗೆ ಒಂದು ಗುಬ್ಬಚ್ಚಿ ಬಂದು ಅದರ ಗೊರಸಿನ ಮೇಲೆ ಕೂತಿತ್ತು.

ಈ ಷರತ್ತಿಗೂ ಮುಂಚೆ ಒಂದು ದಿನ ತಾಲ್ಲೂಕಿನ ಅಮಲ್ದಾರರು ಅವಸರವಾಗಿ ಗಾಡಿ ಹತ್ತಿದರು. ಕಚೇರಿಗೆ ಮೇಲಿನ ಸಾಹೇಬರು ಬರೋದಿತ್ತು. ಕುದುರೆ ಅಲ್ಲಾಡಲಿಲ್ಲ. ಬಾಂಜೋ ದವಾಖಾನೆಯಲ್ಲಿತ್ತು.

"ಯಾಕಯ್ಯಾ, ಹೊಡಿ ಗಾಡಿ!"

"ಹೊಡೆದ್ರೆ ಹೋಗಾಕಿಲ್ಲ ಬುದ್ಧಿ. ಹಾಡಿದ್ರೆ ಹೋಗ್ತದೆ. ನಂಗೆ ಗಂಟಲು ಕಟ್ಟೈತೆ. ತಾವು ಹಿಂಗಂತ ಹೇಳ್ಕೊಂಡ್ರೆ ಸಾಕು, ಡಿಡ್ಲಿ ಡಿಡ್ಲಿ ಡಮ್."

"ನಾನು ಅಮಲ್ದಾರ ಕಣಯ್ಯಾ!"

"ಕುದುರೆಗೆ ಗೊತ್ತಾಗಾಕಿಲ್ಲ ಬುದ್ಧಿ."

ಅಮಲ್ದಾರರು ಆ ಕಡೆ ಈ ಕಡೆ ನೋಡಿ, ಪೇಟವನ್ನು ಕಣ್ಣಿನವರೆಗೆ ಎಳಕೊಂಡು, ಡಿಡ್ಲಿ ಶುರು ಮಾಡಿದರು. ಕುದುರೆ ಹಾರಿತು. ಪೇಟೆ ಬೀದಿ ದಾಟೋ ಹೊತ್ತಿಗೆ ಅವರಿಗೇ ಹುರುಪು ಬಂದು ಗಾಡಿ ಪಟ್ಟಿ ಮೇಲೆ ತಾಳ ಹಾಕ್ತಿದ್ದರು. ಕೆಳಗಿನ ಬೀದಿ, ಮೇಲಿನ ಬೀದಿ, ಒಂದು ಸ್ವರ ತಪ್ಪಿಲ್ಲ.

ಷರತ್ತು ಹಾಕಿದ ಮಾರನೇ ದಿನವೇ ಅವರ ಮನೆಗೆ ಓಡಿದೆ. "ಬುದ್ಧಿ, ಪಾದ್ರಿ ಸ್ವಾಮಿ ಮುಂದೆ ಒಂದು ಸಲ ಆ ರೀಲು ಹಾಡಿಬುಡಿ, ನಿಮ್ಮ ಹೆಸರು ಹೇಳ್ಕೊಂಡು ಬದುಕ್ಕೋತೀನಿ."

ಅಮಲ್ದಾರರು ಕನ್ನಡಕ ತೆಗೆದು ಒರೆಸಿದರು. "ಯಾರಯ್ಯಾ ನೀನು? ನಾನು ಹುಟ್ಟಿದಾಗಿನಿಂದ ಜಟಕಾನೇ ಹತ್ತಿಲ್ಲ" ಅಂದರು.

ಹೊರಗೆ ಬರೋವಾಗ ಒಳಗಿಂದ ಸಣ್ಣಗೆ ಡಿಡ್ಲಿ ಕೇಳಿಸ್ತಿತ್ತು.

ಸಿರಾದಲ್ಲಿ ನಿಲ್ಲದ ಮಟ್ಟು

ಸಿರಾದಲ್ಲಿ ಬ್ಯಾಂಡ್‌ಸೆಟ್ಟಿನ ಮೇಷ್ಟ್ರು ಒಬ್ಬ ಸಾಹೇಬರಿದ್ದರು. ಕ್ಲಾರಿನೆಟ್ ಊದಿದರೆ ಮದುವೆಗೆ ಕರೆಯದೋರೂ ಬಂದು ಊಟಕ್ಕೆ ಕೂರೋರು, ಅಂಥ ಕೈ. ಅವರ ಮನೆಗೆ ಹೋಗಿ ವಿಷಯ ಹೇಳಿದೆ.

"ಅರೆ ಭಾಯ್, ಇಷ್ಟೇನಾ? ನೀನು ಬಾರಿಸು, ನಾನು ಹಿಂದೆ ಬರ್ತೀನಿ" ಅಂದರು.

ನಾನು ಒಂದು ಸುತ್ತು ಹೊಡೆದೆ. ಎರಡನೇ ಸುತ್ತಿಗೆ ಅವರು ಸೇರಿಕೊಂಡರು. ಆಹಾ! ಆದರೆ ರೀಲಿಗೆ ಒಂದು ಗುಣ ಇದೆ. ಅದಕ್ಕೆ ಮುಕ್ತಾಯ ಅಂತ ಇಲ್ಲ, ಸುತ್ತುತ್ತಾನೇ ಇರುತ್ತೆ. ಪಾದ್ರಿ ಸ್ವಾಮಿಗಳ ದೇಶದಲ್ಲಿ ಗುಂಪಿನ ದೊಡ್ಡೋರು ತಲೆ ಆಡಿಸಿದಾಗ ನಿಲ್ಲಿಸೋದು ಪದ್ಧತಿ. ಸಾಹೇಬರು ನನಗಿಂತ ಹಿರಿಯರು, ಮೇಲಾಗಿ ಮನೆ ಯಜಮಾನರು. ಅವರು ತಲೆ ಆಡಿಸಲಿ ಅಂತ ನಾನು ಕಾದೆ. ಮಟ್ಟು ನನ್ನದು, ಮೇಲಾಗಿ ನಾನು ಮನೆಗೆ ಬಂದ ಮೆಹಮಾನ್. ನಾನು ತಲೆ ಆಡಿಸಲಿ ಅಂತ ಅವರು ಕಾದರು. ಮರ್ಯಾದಸ್ಥರು ಇಬ್ಬರು ಸೇರಿದರೆ ಹೀಗೇ ಆಗೋದು.

ಚಹಾ ಬಂತು, ಆರಿಹೋಯಿತು. ಮತ್ತೆ ಬಂತು, ಮತ್ತೆ ಆರಿತು. ಬೀದಿ ಜನ ಬಂದು ನಿಂತರು, ಕಾಲು ನೋಯ್ತು ಅಂತ ಕೂತರು, ಮನೆಗೆ ಹೋಗಿ ಊಟ ಮಾಡಿಕೊಂಡು ಬಂದರು. ಸಾಹೇಬರ ಕೆನ್ನೆ ಕೆಂಪಾಯಿತು. ನನ್ನ ಬೆರಳಿಂದ ಹೊಗೆ ಬರ್ತಿತ್ತು, ಬೇಕಾದರೆ ನಂಬಿ. ಒಳಗಿಂದ ಅವರ ಬೇಗಂ, "ಯಾ ಅಲ್ಲಾ, ಇಬ್ರಲ್ಲಿ ಯಾರಾದ್ರೂ ಒಬ್ರು ಸ್ವಲ್ಪ ಮರ್ಯಾದೆ ಬಿಡ್ರೀ!" ಅಂತ ಕೂಗಿದರು. ಕೊನೆಗೆ ಮಸೀದಿಯಿಂದ ಅಜಾನ್ ಕೇಳಿತು, ಇಬ್ಬರೂ ಒಟ್ಟಿಗೆ ನಿಲ್ಲಿಸಿದೆವು.

ಗೆದ್ದೆ ಅಂದುಕೊಂಡು ಅವರನ್ನು ಮಧುಗಿರಿಗೆ ಕರಕೊಂಡು ಬಂದೆ. ಅವರು ಊದಿದರು. ಪಾದ್ರಿ ಸ್ವಾಮಿ ಕಣ್ಣು ಮುಚ್ಚಿ ಕೇಳಿ, "ಅತ್ಯಂತ ಮನೋಹರ. ಆದರೆ ಇದರಲ್ಲಿ ನನ್ನ ರೀಲು ಎಲ್ಲಿದೆ?" ಅಂದರು.

ಸಾಹೇಬರು ಒಂಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. "ಫಾದರ್ ಸಾಬ್, ನಿಮ್ಮ ಮಟ್ಟು ಸಿರಾಕ್ಕೆ ಬಂದು ನಮ್ಮ ಮನೇಲಿ ಉಳೀತು. ಬಿರಿಯಾನಿ ತಿಂದು ಒಂದು ಸುತ್ತು ದಪ್ಪ ಆಗಿದೆ, ಅಷ್ಟೇ."

ಪಾವಗಡದ ಹಕ್ಕುದಾರ

ಅಷ್ಟು ಹೊತ್ತಿಗೆ ಬೇಸಿಗೆ ಶುರುವಾಗಿತ್ತು. ಪಾವಗಡದ ಕಡೆ ಕಲಿಯೋರು ಸಿಗಬಹುದು ಅಂತ ಬಸ್ಸು ಹತ್ತಿದೆ. ಕಂಡಕ್ಟರ್ ಬಾಂಜೋವನ್ನು ಬಸ್ಸಿನ ಮೇಲೆ ಹಾಕಿಸಿಬಿಟ್ಟ. ಪಾವಗಡದ ಬಿಸಿಲು ಗೊತ್ತಲ್ಲ, ಕೋಳಿ ಇಟ್ಟ ಮೊಟ್ಟೆ ಬೆಂದೇ ಕೆಳಗೆ ಬೀಳುತ್ತೆ. ಇಳಿಯೋ ಹೊತ್ತಿಗೆ ಬಾಂಜೋ ಚರ್ಮ ಬಿಗಿದು ಬಿಗಿದು ಟಪ್ಪಂತ ಸೀಳಿಹೋಯಿತು. ನನ್ನ ಹೊಟ್ಟೆಯೇ ಸೀಳಿದ ಹಾಗಾಯಿತು.

ಯಾರೋ ನನ್ನನ್ನು ತಮಟೆ ಹೊಡೆಯೋ ಹಿರಿಯರೊಬ್ಬರ ಹತ್ತಿರ ಕಳಿಸಿದರು. ಅವರು ಬಾಂಜೋ ತಿರುವಿ ನೋಡಿ ನನ್ನನ್ನೇ ಬೈದರು. "ಏಂ ನಾಯನಾ, ಚರ್ಮಾನ್ನ ಎಂಡಲೋ ಪೆಡ್ತಾರಾ? ಬಿಸ್ಲಿಗೆ ಇಡ್ತಾರೇನಪ್ಪಾ ಯಾರಾದ್ರೂ?" ಆಮೇಲೆ ಒಳ್ಳೆ ಮೇಕೆ ಚರ್ಮ ಹೊಂದಿಸಿ ಬಿಗಿದರು. ಒಣಗಿಸಿ, ಕಡ್ಲೆಕಾಯಿ ಹೊಟ್ಟಿಗೆ ಬೆಂಕಿ ಹಾಕಿ, ತಮಟೆ ಕಾಯಿಸೋ ಹಾಗೆ ಹದವಾಗಿ ಕಾಯಿಸಿದರು. ಮೀಟಿ ನೋಡಿದರೆ ಆ ಸದ್ದಿಗೆ ಬೀದಿ ನಾಯಿಗಳೆಲ್ಲ ಎದ್ದು ನಿಂತವು.

ಖುಷಿಗೆ ಅಲ್ಲೇ ಕೂತು ಒಂದು ರೀಲು ಹೊಡೆದೆ. ಹಿರಿಯರು ತಮಟೆ ಎತ್ತಿಕೊಂಡು ಜೊತೆಗೆ ಬಿದ್ದರು. ಒಂದು ಪೆಟ್ಟೂ ತಪ್ಪಲಿಲ್ಲ. ಸಿಕ್ಕಿದರಪ್ಪ ನನ್ನ ಶಿಷ್ಯರು ಅಂದುಕೊಂಡೆ.

"ತಾತಾ, ಇದನ್ನ ನನ್ನಿಂದ ಕಲಿತೆ ಅಂತ ಪಾದ್ರಿ ಸ್ವಾಮಿಗೆ ಒಂದು ಮಾತು ಹೇಳಿಬುಡು."

ಅವರು ತಮಟೆ ಕೆಳಗಿಟ್ಟರು. "ಇದಿ ಮಾ ದೆಬ್ಬೇ ಕದಾ! ನಮ್ಮ ಪೆಟ್ಟೇ ಅಲ್ವಾ ಇದು! ನಮ್ಮಪ್ಪ ಹೊಡೀತಿದ್ದದ್ದು, ಅವರಪ್ಪ ಹೊಡೀತಿದ್ದದ್ದು. ನಾಕು ವಚ್ಚಿಂದೇ ನಾಕು ನೇರ್ಪಿಸ್ತಾವಾ? ನನಗೆ ಬರೋದನ್ನೇ ನನಗೆ ಕಲಿಸ್ತೀಯಾ?"

ಬಂದು ಪಾದ್ರಿ ಸ್ವಾಮಿಗೆ ಹೇಳಿದೆ. ಅವರು, "ನಮ್ಮ ಪೂರ್ವಿಕರು ಕದ್ದಿದ್ದರೂ ಕದ್ದಿರಬಹುದು. ಆ ಹಿರಿಯರಿಗೆ ನನ್ನ ಕ್ಷಮೆಯನ್ನು ತಿಳಿಸತಕ್ಕದ್ದು" ಅಂದರು. ತಿಳಿಸಿದೆ. ಪಾವಗಡದಿಂದ ಕಂಡಕ್ಟರ್ ಬಾಯಲ್ಲಿ ಉತ್ತರ ಬಂತು: "ಪರವಾಗಿಲ್ಲ, ಇಟ್ಕೊಳ್ಳಲಿ. ಹಾಳು ಮಾಡ್ದೆ ಬಾರಿಸ್ಲಿ."

ಕೊರಟಗೆರೆಯ ಗಟ್ಟಿಮೇಳ

ಯುಗಾದಿ ಹತ್ತಿರ ಬಂತು. ಪಾದ್ರಿ ಸ್ವಾಮಿ ಪೆಟ್ಟಿಗೆ ಕಟ್ಟೋಕೆ ಶುರು ಮಾಡಿದರು. ನಾನು ಬಾಂಜೋ ಕಡೆ ನೋಡೋದನ್ನೇ ಬಿಟ್ಟೆ. ನೋಡಿದರೆ ಕಣ್ಣಲ್ಲಿ ನೀರು ಬರ್ತಿತ್ತು.

ಅದೇ ಹೊತ್ತಿಗೆ ಕೊರಟಗೆರೆ ಹತ್ತಿರ ಒಂದು ಮದುವೆ. ಪಾದ್ರಿ ಸ್ವಾಮಿಗೂ ಕರೆ ಇತ್ತು, ಬಾಂಜೋನೂ ಬಂದಿತ್ತು. ಹೆಣ್ಣು ಲಕ್ಷಣವಾಗಿದ್ದಳು. ಗಂಡಂತೂ ಕೇಳಲೇಬೇಡಿ, ಮನ್ಮಥ. ಆದರೆ ಗಂಡಿನಪ್ಪ ಇದ್ದನಲ್ಲ, ಅಂಥ ದುರಾಸೆ ಮನುಷ್ಯನನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಮುಹೂರ್ತದ ಹೊತ್ತಿಗೆ ಸರಿಯಾಗಿ, "ಸೈಕಲ್ ಬರೋವರ್ಗೂ ತಾಳಿ ಕಟ್ಸಾಕಿಲ್ಲ" ಅಂತ ಹೋಗಿ ಹುಣಸೆ ಮರದ ಕೆಳಗೆ ಮುನಿಸಿಕೊಂಡು ಕೂತ.

ಇತ್ತ ಓಲಗದೋರ ಬಸ್ಸು ತುಮಕೂರು ದಾರಿಯಲ್ಲಿ ಕೆಟ್ಟು ನಿಂತಿತ್ತು. ಚಪ್ಪರದಲ್ಲಿ ಸದ್ದಿಲ್ಲ. ಜನ ಅಕ್ಷತೆ ಮುಷ್ಟಿಯಲ್ಲಿ ಹಿಡಿದು ಹಿಡಿದು ಅಕ್ಕಿ ಬೆವೆತಿತ್ತು. ಹೆಣ್ಣಿನಪ್ಪ ಬಂದು, "ಏನಾರ ನುಡ್ಸಪ್ಪಾ, ಸಾವಿನ ಮನೆ ಇದ್ದಂಗೈತೆ" ಅಂತ ಕೈ ಹಿಡಿದುಕೊಂಡ. ಬಾಂಜೋ ಎತ್ತಿಕೊಂಡೆ.

ಕೆಳಗಿನ ಬೀದಿ ಹೊಡೆಯೋವರೆಗೆ ಎಲ್ಲ ಸರಿಯಿತ್ತು. ಮೇಲಿನ ಬೀದಿಗೆ ಹತ್ತಿದೆ ನೋಡಿ, ವೇಗ ಬಂತು. ನಮ್ಮ ಜನಕ್ಕೆ ಚಪ್ಪರದ ಕೆಳಗೆ ವಾದ್ಯ ಜೋರಾಯಿತು ಅಂದರೆ ಒಂದೇ ಅರ್ಥ. ಹಿಂದುಗಡೆ ತೂಕಡಿಸ್ತಿದ್ದ ಒಬ್ಬ ಮುದುಕ ಎಚ್ಚೆತ್ತು, "ಗಟ್ಟಿಮೇಳ!" ಅಂತ ಕೂಗಿ ಅಕ್ಷತೆ ಎಸೆದ. ಅವನು ಎಸೆದದ್ದು ನೋಡಿ ಎಲ್ಲರೂ ಎಸೆದರು. ಅಕ್ಷತೆ ಬಿದ್ದದ್ದು ನೋಡಿ ಪುರೋಹಿತರ ಬಾಯಿ ತಾನಾಗೇ ಮಂತ್ರ ಹೇಳಿತು. ಮಂತ್ರ ಕೇಳಿ ಗಂಡು ತಾಳಿ ಕಟ್ಟಿಯೇಬಿಟ್ಟ.

ಹುಣಸೆ ಮರದಿಂದ ಗಂಡಿನಪ್ಪ ಪಂಚೆ ಎತ್ತಿಕೊಂಡು ಓಡಿಬಂದ. "ನಿಲ್ಸ್ರೋ! ಬಿಚ್ರೋ! ಸೈಕಲ್ ಬಂದಿಲ್ಲ!"

ಪುರೋಹಿತರು ತಣ್ಣಗೆ ಹೇಳಿದರು, "ಕಟ್ಟೋ ಮಂತ್ರ ನಮ್ಮ ಹತ್ರ ಇದೆ ಯಜಮಾನ್ರೇ. ಬಿಚ್ಚೋ ಮಂತ್ರ ನಮ್ಮಪ್ಪ ಕಲಿಸ್ಲಿಲ್ಲ."

ಅವನು ಇನ್ನೂ ಬಾಯಿ ಮಾಡೋದರಲ್ಲಿದ್ದ. ಅಷ್ಟರಲ್ಲಿ ಹೆಣ್ಣಿನ ಅಜ್ಜಿ, ಬೊಚ್ಚುಬಾಯಿ ಮುದುಕಿ, ಹೆಂಗಸರ ನಡುವೆ ಕೂತಲ್ಲಿಂದಲೇ ಬೀಗರನ್ನು ಹಾಸ್ಯ ಮಾಡೋ ಹಾಡು ಎತ್ತಿದಳು.

"ಸೈಕಲ್ಲು ಬೇಕೆಂದು ಮುನಿದ ಬೀಗ, ಸೋ
ಹುಣಸೆಯ ಮರದಡಿ ಹುಳಿಯಾದ, ಸೋ..."

ಹೆಂಗಸರೆಲ್ಲ ಸೋ ಅಂದರು. ಹಾಡು ಅವಳದು, ಮಟ್ಟು ರೀಲಿನದು! ಕೆಳಗಿನ ಬೀದಿ ಎರಡು ಸಲ, ಮೇಲಿನ ಬೀದಿ ಎರಡು ಸಲ, ಎಳ್ಳಷ್ಟೂ ಏರುಪೇರಿಲ್ಲ. ಒಂದು ಸುತ್ತು ಮುಗಿದರೆ ಬೀಗನ ಮೀಸೆ ಮೇಲೆ ಇನ್ನೊಂದು ಸಾಲು, ಮತ್ತೊಂದು ಸುತ್ತು ಮುಗಿದರೆ ಅವನ ಹೊಟ್ಟೆ ಮೇಲೆ ಮತ್ತೊಂದು. ಕೊನೆಗೆ ಗಂಡಿನಪ್ಪನೇ ತಡೆಯಲಾರದೆ ನಕ್ಕುಬಿಟ್ಟ. "ಸಾಕು ನಿಲ್ಸಮ್ಮೋ ತಾಯಿ, ನಡ್ಕೊಂಡೇ ಓಡಾಡ್ತೀನಿ!"

ಪಾದ್ರಿ ಸ್ವಾಮಿ ಎದ್ದು ಬಂದು ಅಜ್ಜಿಗೆ ಕೈ ಮುಗಿದರು. ಅವರ ಗಡ್ಡ ಒದ್ದೆಯಾಗಿತ್ತು. "ಇನ್ನು ಇದು ಬದುಕುವುದು" ಅಂತಂದು ಬಾಂಜೋವನ್ನು ನನ್ನ ಮಡಿಲಲ್ಲಿಟ್ಟರು. ನಾನು ಮತ್ತೆ ಕೆಳಗಿನ ಬೀದಿಯಿಂದ ಶುರು ಮಾಡಿದೆ.

ಮೊನ್ನೆ ಜಗಲಿ ಮೇಲೆ ಇದನ್ನೇ ಹೇಳ್ತಾ ಇದ್ದೆ. ಕೇಳ್ತಿದ್ದೋರೆಲ್ಲ ಬಿದ್ದು ಬಿದ್ದು ನಗ್ತಿದ್ದರು. ಬಾಗಿಲಲ್ಲಿ ಕೂತು ಅವರೆಕಾಯಿ ಸುಲೀತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿದಳು.

"ಅಲ್ಲಾ, ಅದು ನಮ್ಮಜ್ಜಿ ತಾನೇ?"

"ನಿಮ್ಮಜ್ಜೀನೇ ಕಣೇ."

"ಸೈಕಲ್ಲಿಗೆ ಮುನಿಸ್ಕೊಂಡಿದ್ದು ನಮ್ಮ ಮಾವ. ನಿಮ್ಮಪ್ಪ."

"ಇರ್ಬೋದು."

"ಹಂಗಾದ್ರೆ ಮಣೆ ಮೇಲೆ ಕೂತು ನನ್ನ ಕತ್ತಿಗೆ ತಾಳಿ ಕಟ್ತಿದ್ದೋರು ನೀವು. ಬಾಂಜೋ ನುಡಿಸ್ತಿದ್ದೋರು ಯಾರು?"

ಜಗಲಿ ಮೇಲಿದ್ದ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಾನು ಟವೆಲ್ ಕೊಡವಿ ಹೆಗಲ ಮೇಲೆ ಹಾಕ್ಕೊಂಡೆ.

"ಅದಕ್ಕೇ ಕಣೇ, ಗಂಟು ಸ್ವಲ್ಪ ಸಡಿಲ ಬಿದ್ದಿದ್ದು."